ಘಾಟ್ ಏರುವಾಗ ಎಂಜಿನ್ ಟಕಟಕ ಎನ್ನುತ್ತಿದೆಯೇ? ಪೆಟ್ರೋಲ್ ಬದಲಿಸುವ ಮೊದಲು ಮಾಡಬೇಕಾದ ತಪಾಸಣೆ

ಪುಣೆಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೊರಟ ಕಾರು ಖಂಬಾಟಕಿ ಘಾಟ್‌ನಲ್ಲಿ ಟಕಟಕ ಸದ್ದು ಮಾಡಿತು ಎಂಬ ದೂರು ಪುಣೆಯ ಕನ್ನಡಿಗರ ಮನೆಗಳಲ್ಲಿ ದೀಪಾವಳಿಗೆ, ಬೇಸಿಗೆ ರಜೆಗೆ ತಪ್ಪದೆ ಕೇಳಿಬರುತ್ತದೆ. ದೂರಿನ ಬೆನ್ನಿಗೇ ಸಲಹೆಗಳೂ ಬರುತ್ತವೆ. ಆ ಕಂಪನಿಯ ಪೆಟ್ರೋಲ್ ಬಿಡಿ, ಈ ಕಂಪನಿಯದು ಹಾಕಿಸಿ. ಸಾದಾ ಬೇಡ, ಪ್ರೀಮಿಯಂ ಹಾಕಿಸಿ, ಸದ್ದು ಹೋಗುತ್ತದೆ. ಹಲವು ಸಲ ಸದ್ದು ಹೋಗುವುದೂ ಉಂಟು. ನನ್ನ ತಕರಾರು ಇರುವುದು ಅಲ್ಲಿಯೇ. 91 ಆಕ್ಟೇನ್ (ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ತಾಳುವ ಶಕ್ತಿಯ ಅಳತೆ) ಸಾಕು ಎಂದು ತಯಾರಕರೇ ಬರೆದಿರುವ ಎಂಜಿನ್ ಅದಕ್ಕಿಂತ ಹೆಚ್ಚಿನ ಆಕ್ಟೇನ್ ಕುಡಿದಾಗ ಮಾತ್ರ ಸುಮ್ಮನಾಗುತ್ತದೆ ಎಂದರೆ, ದೋಷ ಎಂಜಿನ್‌ನಲ್ಲಿದೆ. ದುಬಾರಿ ಪೆಟ್ರೋಲ್ ಅಲ್ಲಿ ಮಾಡುತ್ತಿರುವುದು ಜ್ವರದ ಮಾತ್ರೆಯ ಕೆಲಸ: ಮೈ ತಣ್ಣಗಾಗುತ್ತದೆ, ಸೋಂಕು ಹಾಗೆಯೇ ಉಳಿಯುತ್ತದೆ. ಆಮೇಲೆ ಪಿಸ್ಟನ್ನೋ ಹೆಡ್ ಗ್ಯಾಸ್ಕೆಟ್ಟೋ ಹೋದಾಗ ಖರ್ಚು ಸಾವಿರಗಳಲ್ಲಿ ಬರುತ್ತದೆ.

ಇಂದಿನ ಪೆಟ್ರೋಲ್‌ನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. 2020ರ ಏಪ್ರಿಲ್ 1ರಂದು ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಸಾದಾ ಪೆಟ್ರೋಲ್‌ನ ಆಕ್ಟೇನ್ 91 ಆಗಿತ್ತು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇ20. ಮೂಲ ಪೆಟ್ರೋಲ್‌ನ ಆಕ್ಟೇನ್ ಸುಮಾರು 84.4, ಎಥೆನಾಲ್‌ನದು ಸುಮಾರು 108.5, ಎರಡೂ ಬೆರೆತಾಗ ಸುಮಾರು 95 ಆಗುತ್ತದೆ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ವಿವರಿಸಿದೆ. ಅಂದರೆ 91ಕ್ಕೆ ತಯಾರಾದ ನಿಮ್ಮ ಕಾರಿನ ಟ್ಯಾಂಕ್‌ನಲ್ಲಿ ಈಗಾಗಲೇ ಅದು ಕೇಳುವುದಕ್ಕಿಂತ ಹೆಚ್ಚಿನ ಆಕ್ಟೇನ್ ಇದೆ. ಆದರೂ ಅದು ಬಡಿದುಕೊಳ್ಳುತ್ತಿದ್ದರೆ ಆಕ್ಟೇನ್ ಸಾಲದು ಎಂಬ ತೀರ್ಮಾನಕ್ಕೆ ಬರುವುದು ಎಲ್ಲ ತಪಾಸಣೆ ಮುಗಿದ ಮೇಲೆ, ಕೊನೆಯಲ್ಲಿ.

ಮೊದಲು ಸದ್ದನ್ನು ಗುರುತಿಸಿ

ಪ್ಲಗ್ ಕಿಡಿ ಹಾರಿಸಿದ ಮೇಲೆ ಜ್ವಾಲೆ ಸಿಲಿಂಡರ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಡುತ್ತ ಹೋಗಬೇಕು. ಅದು ತಲುಪುವ ಮೊದಲೇ ಅಂಚಿನಲ್ಲಿ ಉಳಿದ ಪೆಟ್ರೋಲ್-ಗಾಳಿಯ ಮಿಶ್ರಣ ಬಿಸಿ ಮತ್ತು ಒತ್ತಡ ತಾಳಲಾರದೆ ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆಗಳು ಲೋಹಕ್ಕೆ ಬಡಿಯುತ್ತವೆ. ನಾಕಿಂಗ್ ಎಂದರೆ ಇದೇ. ಹೀಗೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ರೂಪಿಸಿದ ಮಾಪಕದಲ್ಲಿ ಐಸೊ-ಆಕ್ಟೇನ್‌ಗೆ 100, ಸುಲಭವಾಗಿ ಬಡಿಯುವ ಹೆಪ್ಟೇನ್‌ಗೆ ಸೊನ್ನೆ. ಸಂಖ್ಯೆ ಹೆಚ್ಚಾದರೆ ಪೆಟ್ರೋಲ್‌ನಲ್ಲಿ ಶಕ್ತಿ ಹೆಚ್ಚಾಯಿತು ಎಂದು ಭಾವಿಸಬಾರದು. ತಾಳಿಕೆ ಹೆಚ್ಚಾಯಿತು, ಅಷ್ಟೇ.

ನಾಕಿಂಗ್‌ನ ಸದ್ದಿಗೆ ಒಂದು ಗುಣವಿದೆ. ಎಂಜಿನ್ ಮೇಲೆ ಹೊರೆ ಬಿದ್ದಾಗ, ಅಂದರೆ ಏರಿನಲ್ಲಿ ಮೇಲಿನ ಗೇರ್‌ನಲ್ಲಿಯೇ ಎಳೆಸುವಾಗ, ಸುಮಾರು 1500ರಿಂದ 2500 ಆರ್‌ಪಿಎಂ ನಡುವೆ, ತಗಡಿನ ಡಬ್ಬಿಯಲ್ಲಿ ಸಣ್ಣ ಮೊಳೆ ಕುಲುಕಿದಂಥ ಕಿಣಿಕಿಣಿ ಕೇಳುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ಸಡಿಲಿಸಿದ ತಕ್ಷಣ ನಿಲ್ಲುತ್ತದೆ. ಒಂದು ಗೇರ್ ಇಳಿಸಿದರೂ ನಿಲ್ಲುತ್ತದೆ. ನಿಂತಲ್ಲೇ ಎಂಜಿನ್ ಓಡುವಾಗಲೂ ಟಕಟಕ ಇದ್ದರೆ ಅದು ಟ್ಯಾಪೆಟ್ ಸಡಿಲವೋ ಆಯಿಲ್ ಒತ್ತಡ ಕಡಿಮೆಯೋ ಆಗಿರುತ್ತದೆ. ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಮಾತ್ರ, ಹೊರೆ ಇರಲಿ ಬಿಡಲಿ, ಜರ್ ಎಂದು ಅದುರಿದರೆ ಸೈಲೆನ್ಸರ್ ಮೇಲಿನ ಶಾಖಕವಚದ ಬೋಲ್ಟ್ ನೋಡಿ. ದಪ್ಪನೆಯ, ಆಳದಿಂದ ಬರುವ ಬಡಿತ ವೇಗದೊಂದಿಗೆ ಹೆಚ್ಚುತ್ತಿದ್ದರೆ ಕೂಡಲೇ ಗಾಡಿ ನಿಲ್ಲಿಸಿ ಆಯಿಲ್ ಮಟ್ಟ ನೋಡಬೇಕು. ಬೇರಿಂಗ್ ಸವೆದಿರುವ ಸಾಧ್ಯತೆ ಇರುತ್ತದೆ. ಇವು ಯಾವುವಕ್ಕೂ ಪೆಟ್ರೋಲ್ ಕಾರಣವಲ್ಲ.

ಟರ್ಬೊ ಇರುವ, ಸಿಲಿಂಡರ್‌ಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಹೊಸ ಎಂಜಿನ್‌ಗಳಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ತುಳಿದಾಗ ಒಂದೇ ಒಂದು ಭಾರಿ ಏಟು ಕೇಳಿ, ಮತ್ತೆ ಸದ್ದೇ ಇರುವುದಿಲ್ಲ. ಕಿಡಿಗೂ ಮೊದಲೇ, ಆಯಿಲ್ ಹನಿಯಿಂದಲೋ ಮಸಿಯ ಚೂರಿನಿಂದಲೋ ಮಿಶ್ರಣ ಹೊತ್ತಿಕೊಳ್ಳುವುದು ಇದಕ್ಕೆ ಕಾರಣ. ಇಲ್ಲಿ ಆಕ್ಟೇನ್‌ಗಿಂತ ಎಂಜಿನ್ ಆಯಿಲ್ ಮುಖ್ಯ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಹೊರತಂದ 2018ರ ಎಸ್‌ಎನ್ ಪ್ಲಸ್ ಮತ್ತು 2020ರ ಎಸ್‌ಪಿ ದರ್ಜೆಗಳು ಈ ತೊಂದರೆಯನ್ನೂ ಗಮನದಲ್ಲಿಟ್ಟುಕೊಂಡು ಬಂದವು. ಅಂಥ ಕಾರಿಗೆ ಅಗ್ಗದ ಹಳೆಯ ದರ್ಜೆಯ ಆಯಿಲ್ ಹಾಕಿಸಿ, 100 ಆಕ್ಟೇನ್ ಪೆಟ್ರೋಲ್‌ಗೆ ದುಡ್ಡು ಸುರಿಯುವವರನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ವಾಹನ ಕೇಳುವ ಸಂಖ್ಯೆ ಯಾವುದು

ಪೆಟ್ರೋಲ್ ಮುಚ್ಚಳದ ಒಳಬದಿಯ ಚೀಟಿ ಓದಿ. ಅಲ್ಲಿಲ್ಲದಿದ್ದರೆ ಮಾಲೀಕರ ಕೈಪಿಡಿಯಲ್ಲಿ ಇಂಧನದ ಪುಟ. ಕನಿಷ್ಠ ಎಷ್ಟು, ಶಿಫಾರಸು ಎಷ್ಟು ಎಂಬ ಎರಡು ಸಂಖ್ಯೆಗಳಿದ್ದರೆ ಎರಡನ್ನೂ ಬರೆದುಕೊಳ್ಳಿ. ಕನಿಷ್ಠ ಎಂದರೆ ಎಂಜಿನ್‌ಗೆ ಹಾನಿಯಾಗದ ಮಟ್ಟ. ಶಿಫಾರಸು ಎಂದರೆ ಕಂಪನಿ ಹೇಳಿದ ಶಕ್ತಿ ಪೂರ್ತಿ ಸಿಗುವ ಮಟ್ಟ.

ವಿದೇಶಿ ಕೈಪಿಡಿ ಓದುವವರು ಇಲ್ಲಿ ಎಡವುತ್ತಾರೆ. ಭಾರತದಲ್ಲಿ ಬರೆಯುವುದು ಸಂಶೋಧನಾ ಆಕ್ಟೇನ್, ಅಂದರೆ ಆರ್‌ಒಎನ್. ಪರೀಕ್ಷಾ ಎಂಜಿನ್ ಅನ್ನು 600 ಆರ್‌ಪಿಎಂನಲ್ಲಿ ಓಡಿಸಿ ಇದನ್ನು ಅಳೆಯುತ್ತಾರೆ. 900 ಆರ್‌ಪಿಎಂನಲ್ಲಿ, ಹೆಚ್ಚು ಬಿಸಿಯಲ್ಲಿ ಅಳೆಯುವ ಮೋಟಾರ್ ಆಕ್ಟೇನ್ ಸಂಖ್ಯೆ ಇದಕ್ಕಿಂತ ಕಡಿಮೆ ಬರುತ್ತದೆ. ಅಮೆರಿಕದ ಬಂಕ್‌ಗಳಲ್ಲಿ ಈ ಎರಡರ ಸರಾಸರಿಯನ್ನು ಬರೆಯುತ್ತಾರೆ. ಹಾಗಾಗಿ ಅಲ್ಲಿನ 87 ಇಲ್ಲಿನ 91ರ ಆಸುಪಾಸು. ಅಲ್ಲಿನ 91 ಇಲ್ಲಿನ 95-96ರ ಆಸುಪಾಸು. ಆಮದು ಬೈಕ್‌ನ ಅಮೆರಿಕನ್ ಕೈಪಿಡಿಯಲ್ಲಿ 91 ಎಂದಿದ್ದರೆ ಅದಕ್ಕೆ ಇಲ್ಲಿನ 95 ಬೇಕು.

ಸಾಮಾನ್ಯ ಕಮ್ಯೂಟರ್ ಬೈಕ್, ಸ್ಕೂಟರ್, ಟರ್ಬೊ ಇಲ್ಲದ ಸಣ್ಣ ಕಾರುಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅವುಗಳಿಗೆ ಸಾದಾ ಪೆಟ್ರೋಲ್ ಸಾಕು.

ಟ್ಯಾಂಕ್‌ನಲ್ಲಿ ಇರುವುದೇನು

ಸದ್ದು ಅಥವಾ ಜಗ್ಗುವಿಕೆ ಹೊಸದಾಗಿ ಪೆಟ್ರೋಲ್ ತುಂಬಿಸಿದ ಬೆನ್ನಿಗೇ ಶುರುವಾಯಿತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ಮಾತ್ರ ಬಂಕ್‌ನ ಮೇಲೆ ಸಂಶಯಕ್ಕೆ ಆಧಾರವಿದೆ. ತಿಂಗಳುಗಳಿಂದ ನಿಧಾನವಾಗಿ ಹೆಚ್ಚುತ್ತ ಬಂದ ಸದ್ದಿಗೆ ನಿನ್ನೆಯ ಬಂಕ್ ಹೊಣೆಯಲ್ಲ.

ಬಂಕ್‌ನಲ್ಲಿ ಗ್ರಾಹಕ ಕೇಳಿ ಮಾಡಿಸಬಹುದಾದ ಪರೀಕ್ಷೆಗಳಿವೆ. ಸಂಕೋಚ ಬೇಡ, ಇವುಗಳಿಗೆ ಬೇಕಾದ ಸಾಮಗ್ರಿ ಇಟ್ಟಿರುವುದು ಬಂಕ್‌ನ ಕರ್ತವ್ಯ. ಫಿಲ್ಟರ್ ಕಾಗದದ ಮೇಲೆ ನಳಿಕೆಯಿಂದ ಒಂದು ಹನಿ ಬಿಡಿಸಿ. ಶುದ್ಧ ಪೆಟ್ರೋಲ್ ಎರಡು ನಿಮಿಷದೊಳಗೆ ಕಲೆ ಉಳಿಸದೆ ಆರಿಹೋಗುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಬೆರೆತಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಎರಡನೆಯದು ಸಾಂದ್ರತೆ. ಹೈಡ್ರೋಮೀಟರ್ ಮತ್ತು ಥರ್ಮಾಮೀಟರ್ ಇಟ್ಟು ಅಳೆದು, 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸಿದ ಮೌಲ್ಯ ಟ್ಯಾಂಕರ್ ಇಳಿಸಿದಾಗ ದಾಖಲಿಸಿದ ಸಾಂದ್ರತೆಗಿಂತ ಪ್ರತಿ ಘನ ಮೀಟರ್‌ಗೆ 3 ಕಿಲೋಗ್ರಾಂಗಿಂತ ಹೆಚ್ಚು ಆಚೀಚೆ ಇರಬಾರದು. ಅಳತೆಯ ಮೇಲೆ ಅನುಮಾನವಿದ್ದರೆ ಮುದ್ರೆಯುಳ್ಳ ಐದು ಲೀಟರ್ ಪಾತ್ರೆ ತರಿಸಿ. 25 ಮಿಲಿಲೀಟರ್ ವ್ಯತ್ಯಾಸದವರೆಗೆ ಕಾನೂನು ಒಪ್ಪುತ್ತದೆ.

ಈ ಪರೀಕ್ಷೆಗಳ ಮಿತಿಯನ್ನೂ ತಿಳಿದಿರಿ. ಇವುಗಳಲ್ಲಿ ಒಂದೂ ಆಕ್ಟೇನ್ ಹೇಳುವುದಿಲ್ಲ. ಬೇಗ ಆವಿಯಾಗುವ ನಾಫ್ತಾ ಜಾತಿಯ ದ್ರಾವಕ ಬೆರೆಸಿದ್ದರೆ ಕಾಗದ ಸ್ವಚ್ಛವಾಗಿಯೇ ಒಣಗುತ್ತದೆ. ಆಕ್ಟೇನ್ ಅಳೆಯಲು ಪ್ರಯೋಗಾಲಯವೇ ಬೇಕು. ಕಲಬೆರಕೆಯ ಗಟ್ಟಿ ಅನುಮಾನವಿದ್ದರೆ ರಸೀದಿ ಇಟ್ಟುಕೊಂಡು, ಬಂಕ್‌ನ ದೂರು ಪುಸ್ತಕದಲ್ಲಿ ದಿನಾಂಕ, ಸಮಯ, ನಳಿಕೆಯ ಸಂಖ್ಯೆ ಸಹಿತ ಬರೆದು, ಸಂಬಂಧಿಸಿದ ತೈಲ ಕಂಪನಿಯಿಂದ ಮಾದರಿ ತೆಗೆಸುವುದೇ ಸರಿಯಾದ ದಾರಿ.

ಮಳೆಗಾಲದಲ್ಲಿ ನೀರಿನ ಸಮಸ್ಯೆ ಬೇರೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥೆನಾಲ್ ಕೂಡಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕ್‌ನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಆದ್ದರಿಂದ ಬಂಕ್ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಜಗ್ಗಿ, ಕೆಮ್ಮಿ, ನಿಂತುಹೋಗುತ್ತದೆ. ನಾಕಿಂಗ್ ಬೇರೆ, ಇದು ಬೇರೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಇಂಜೆಕ್ಟರ್‌ಗಳಿಗೂ ಆ ದ್ರವ ತುಂಬುತ್ತದೆ. ಗಾಡಿಯನ್ನು ಎಳೆಸಿ, ಟ್ಯಾಂಕ್ ಖಾಲಿ ಮಾಡಿಸಿ. ತೆಗೆದ ದ್ರವವನ್ನು ಗಾಜಿನ ಪಾತ್ರೆಯಲ್ಲಿ ಬೆಂಕಿಯಿಂದ ದೂರ, ಬಯಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತಳದಲ್ಲಿ ಬೇರೆಯೇ ಪದರ ಕಾಣುತ್ತದೆ. ದೂರಿಗೆ ಅದೇ ಸಾಕ್ಷ್ಯ.

ಆಕ್ಟೇನ್ ಬದಲಿಸಿ ನೋಡುವ ಪರೀಕ್ಷೆ

ಸದ್ದು ನಾಕಿಂಗ್ ಎಂದು ಖಚಿತವಾಯಿತು, ಪೆಟ್ರೋಲ್‌ನಲ್ಲಿ ಕಲಬೆರಕೆಯ ಕುರುಹಿಲ್ಲ. ಈಗ ಹೆಚ್ಚಿನ ಆಕ್ಟೇನ್ ಅನ್ನು ತಪಾಸಣೆಯ ಸಾಧನವಾಗಿ ಬಳಸಬಹುದು. ಆದರೆ 95 ಎಂದು ಬರೆದ ಪ್ರೀಮಿಯಂ ಹಾಕಿಸಿ ಪ್ರಯೋಜನವಿಲ್ಲ; ಸಾದಾ ಇ20 ಕೂಡ ಅದರ ಹತ್ತಿರವೇ ಇದೆ, ವ್ಯತ್ಯಾಸ ಕಾಣುವುದಿಲ್ಲ. ಪರೀಕ್ಷೆ ಸ್ಪಷ್ಟವಾಗಬೇಕಾದರೆ 100 ಬೇಕು. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ತಂದಾಗ ಮೊದಲ ಹತ್ತು ನಗರಗಳಲ್ಲಿ ಮುಂಬೈ ಮತ್ತು ಪುಣೆ ಎರಡೂ ಇದ್ದವು. ಆಗಿನ ಬೆಲೆ ಲೀಟರಿಗೆ 160 ರೂಪಾಯಿ. ಒಂದು ಸಲದ ಪರೀಕ್ಷೆಗೆ ಐದಾರು ಲೀಟರ್ ಕೊಳ್ಳುವುದು, ಕಾರಣ ತಿಳಿಯದೆ ಎಂಜಿನ್ ಬಿಚ್ಚಿಸುವುದಕ್ಕಿಂತ ಅಗ್ಗ.

ಟ್ಯಾಂಕ್ ರಿಸರ್ವ್‌ಗೆ ಇಳಿಯುವವರೆಗೆ ಕಾಯಿರಿ. ಉಳಿದ ಹಳೆಯ ಪೆಟ್ರೋಲ್ ಹೊಸದರೊಂದಿಗೆ ಬೆರೆತು ಸಂಖ್ಯೆಯನ್ನು ತಗ್ಗಿಸುತ್ತದೆ: 95ರ ಐದು ಲೀಟರ್‌ಗೆ 100ರ ಐದು ಲೀಟರ್ ಸೇರಿದರೆ ಸಿಗುವುದು ಸುಮಾರು 97.5. ತುಂಬಿಸಿದ ಕೂಡಲೇ ತೀರ್ಪು ಕೊಡಬೇಡಿ. ಬಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಇರುವ ಎಂಜಿನ್‌ನ ಕಂಪ್ಯೂಟರ್ ಹಳೆಯ ಬಡಿತದ ನೆನಪಿನಲ್ಲಿ ಕಿಡಿಯನ್ನು ತುಸು ತಡವಾಗಿ ಹಾರಿಸುತ್ತಿರುತ್ತದೆ. ಹೊಸ ಪೆಟ್ರೋಲ್‌ಗೆ ಅದು ಹೊಂದಿಕೊಳ್ಳಲು ನಗರದೊಳಗೆ ಒಂದಷ್ಟು ಓಡಾಟ ಬೇಕು. ಆಮೇಲೆ ಹಿಂದೆ ಸದ್ದು ಬಂದ ಅದೇ ಏರು, ಅದೇ ಗೇರ್, ಅಷ್ಟೇ ಜನ, ಎಸಿ ಹಾಗೆಯೇ, ದಿನದ ಅದೇ ಹೊತ್ತು. ಪುಣೆಯವರಿಗೆ ಕಾತ್ರಜ್‌ನ ಹಳೆಯ ಘಾಟ್ ಹತ್ತಿರದ್ದು.

ದಾರಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಪ್ಪಾಣಿಯಲ್ಲಿ ಹಾಕಿಸಿದ ಪೆಟ್ರೋಲ್‌ನಲ್ಲಿ ಸದ್ದೇ ಬರಲಿಲ್ಲ, ಆದ್ದರಿಂದ ಕರ್ನಾಟಕದ ಪೆಟ್ರೋಲ್ ಚೆನ್ನಾಗಿದೆ ಎಂದು ನಂಬಿರುವ ಅನೇಕರು ನಮ್ಮಲ್ಲಿದ್ದಾರೆ. ಹೋಗುವಾಗ ಖಂಬಾಟಕಿಯ ತಿರುವುಗಳನ್ನು ಏರಿದವರು ಬರುವಾಗ ಸುರಂಗದೊಳಗಿಂದ ಬಂದಿರುತ್ತಾರೆ. ಆ ಏರನ್ನು ಎಂಜಿನ್ ಮತ್ತೆ ನೋಡಲೇ ಇಲ್ಲ. ಗಡಿಯ ಎರಡೂ ಬದಿಯಲ್ಲಿ ಮಾರುವುದು ಅದೇ ಭಾರತೀಯ ಮಾನಕದ ಪೆಟ್ರೋಲ್.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಇಲ್ಲಿನ ಗಾಳಿ ತುಸು ತೆಳು. ಟರ್ಬೊ ಇಲ್ಲದ ಎಂಜಿನ್‌ನ ಸಿಲಿಂಡರ್‌ನಲ್ಲಿ ಒತ್ತಡವೂ ತುಸು ಕಡಿಮೆ. ಅದೇ ಕಾರು ಮುಂಬೈಯಿಂದ ಮರಳುವಾಗ ಖೋಪೋಲಿಯ ತಗ್ಗಿನಿಂದ ಭೋರ್ ಘಾಟ್ ಏರತೊಡಗಿದರೆ ಗಾಳಿ ದಟ್ಟ, ಹೊರೆ ಪೂರ್ತಿ. ಪುಣೆಯಲ್ಲಿ ಮೌನವಾಗಿದ್ದ ಎಂಜಿನ್ ಅಲ್ಲಿ ಕಿಣಿಗುಟ್ಟಬಹುದು. ಎರಡು ಬೇರೆ ಘಾಟ್‌ಗಳ ಅನುಭವವನ್ನು ಪಕ್ಕಪಕ್ಕದಲ್ಲಿಟ್ಟು ಪೆಟ್ರೋಲ್ ಬಗ್ಗೆ ತೀರ್ಮಾನಿಸಬೇಡಿ.

ಸುಮಾರು ಸಾವಿರ ರೂಪಾಯಿಯ ಒಳಗೆ ಸಿಗುವ ಒಬಿಡಿ ರೀಡರ್ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಸಣ್ಣ ಸಾಧನ) ಒಂದನ್ನು ಕೊಂಡರೆ ಕಿವಿಗಿಂತ ನಂಬಿಕಸ್ಥ ಸಾಕ್ಷಿ ಸಿಗುತ್ತದೆ. ಮೊಬೈಲ್‌ನಲ್ಲಿ ಕಿಡಿ ಎಷ್ಟು ಮೊದಲೇ ಹಾರುತ್ತದೆ ಎಂಬುದು ಡಿಗ್ರಿಯಲ್ಲಿ ಕಾಣುತ್ತದೆ. ಒಂದೇ ಏರಿನಲ್ಲಿ, ಒಂದೇ ಆರ್‌ಪಿಎಂನಲ್ಲಿ, 100 ಹಾಕಿದಾಗ ಆ ಸಂಖ್ಯೆ ಸ್ಪಷ್ಟವಾಗಿ ಮೇಲೇರಿದರೆ ಸಾದಾ ಪೆಟ್ರೋಲ್‌ನಲ್ಲಿ ಕಂಪ್ಯೂಟರ್ ಅದನ್ನು ತಡೆಹಿಡಿಯುತ್ತಿತ್ತು ಎಂದಾಯಿತು. ಕಿವಿಗೆ ಕೇಳದೆ ಎಳೆತವನ್ನೂ ಮೈಲೇಜನ್ನೂ ತಿನ್ನುವ ನಾಕಿಂಗ್ ಪತ್ತೆಯಾಗುವುದು ಹೀಗೆ ಮಾತ್ರ.

100 ಹಾಕಿದಾಗ ಸದ್ದು ಹೋದರೆ

ವಾಹನ ಕೇಳುವುದು 95 ಅಥವಾ ಹೆಚ್ಚು ಎಂದಾದರೆ, ಅಂಚಿನಲ್ಲಿದೆ ಎಂದು ಒಪ್ಪಿ ಹೆಚ್ಚಿನ ದರ್ಜೆ ಮುಂದುವರಿಸಿ. ಕೇಳುವುದು 91 ಮಾತ್ರ ಎಂದಾದರೆ ಈಗ ನಿಜವಾದ ಹುಡುಕಾಟ ಆರಂಭ. ಎಂಜಿನ್‌ಗೆ ಬೇಕಾದ ಆಕ್ಟೇನ್ ಅನ್ನು ಏರಿಸಿದ್ದು ಯಾವುದು?

ನಾನು ಮೊದಲು ನೋಡುವುದು ಬಿಸಿಯನ್ನು. ಕೂಲಂಟ್ ಬದಲು ನಲ್ಲಿ ನೀರು ಹಾಕುತ್ತ ಬಂದ ಕಾರುಗಳಲ್ಲಿ ಒಳಗೆ ಸುಣ್ಣ ಕಟ್ಟಿ ರೇಡಿಯೇಟರ್‌ನ ಅರ್ಧ ನಾಳಗಳು ಮುಚ್ಚಿರುತ್ತವೆ. ಸೂಜಿ ಕೆಂಪು ಗೆರೆಗೆ ಹೋಗದಿದ್ದರೂ ಹೆಡ್‌ನ ಒಂದು ಭಾಗ ಅತಿ ಬಿಸಿಯಾಗಿರುತ್ತದೆ. ಒಬಿಡಿಯಲ್ಲಿ ಏರಿನುದ್ದಕ್ಕೂ ಕೂಲಂಟ್ ತಾಪಮಾನ ಗಮನಿಸಿ. ಸಮತಟ್ಟಿನಲ್ಲಿ ಸ್ಥಿರವಾಗಿದ್ದು ಏರಿನಲ್ಲಿ ಮಾತ್ರ ಬಿಡದೆ ಮೇಲಕ್ಕೆ ಹೋಗುತ್ತಿದ್ದರೆ ಥರ್ಮೋಸ್ಟಾಟ್, ಫ್ಯಾನ್, ರೇಡಿಯೇಟರ್ ಈ ಕ್ರಮದಲ್ಲಿ ಪರೀಕ್ಷಿಸಿ.

ಎರಡನೆಯದು ಮಸಿ. ಹಡಪ್ಸರ್, ಹಿಂಜವಡಿಯ ದಟ್ಟಣೆಯಲ್ಲಿ ನಾಲ್ಕೈದು ಕಿಲೋಮೀಟರ್ ತೆವಳಿ ನಿಲ್ಲುವ ಕಾರಿನ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ವರ್ಷಗಟ್ಟಲೆ ಹೀಗಾದಾಗ ಪಿಸ್ಟನ್ ತಲೆಯ ಮೇಲೆ ಇದ್ದಿಲಿನ ಪದರ ಕೂರುತ್ತದೆ. ಅದು ಜಾಗವನ್ನು ಕಿರಿದು ಮಾಡಿ ಸಂಕುಚನ ಹೆಚ್ಚಿಸುತ್ತದೆ, ಜತೆಗೆ ಬಿಸಿಯನ್ನು ಹಿಡಿದಿಡುತ್ತದೆ. ಹೊಸದರಲ್ಲಿ 91ಕ್ಕೆ ಸುಮ್ಮನಿದ್ದ ಎಂಜಿನ್‌ಗೆ ಕೆಲವು ಅಂಕ ಹೆಚ್ಚಿನ ಆಕ್ಟೇನ್ ಬೇಕಾಗುವುದು ಹೀಗೆ. ಪ್ಲಗ್ ತೆಗೆದ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಬಹುದು; ಬಿಚ್ಚುವ ಅಗತ್ಯವಿಲ್ಲ. ಪದರ ತೆಳುವಾಗಿದ್ದರೆ ಒಳ್ಳೆಯ ಡಿಟರ್ಜೆಂಟ್ ಇರುವ ಪೆಟ್ರೋಲ್ ಮತ್ತು ಹೆದ್ದಾರಿಯ ದೀರ್ಘ ಓಟಗಳು ಕ್ರಮೇಣ ಕಡಿಮೆ ಮಾಡುತ್ತವೆ. ದಪ್ಪಗಿದ್ದರೆ ವರ್ಕ್‌ಶಾಪ್‌ನಲ್ಲಿ ಶುಚಿ ಮಾಡಿಸಬೇಕು. ನೇರ ಚಿಮ್ಮಿಸುವ ಎಂಜಿನ್‌ಗಳಲ್ಲಿ ಪೆಟ್ರೋಲ್ ಒಳಹರಿವಿನ ವಾಲ್ವ್‌ಗಳನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಯಾವ ಬ್ರ್ಯಾಂಡ್‌ನ ಡಿಟರ್ಜೆಂಟ್ ಕೂಡ ಆ ವಾಲ್ವ್‌ಗಳ ಮಸಿಯನ್ನು ತೊಳೆಯಲಾರದು.

ಮೂರನೆಯದು ಪ್ಲಗ್. ನಾನಾ ಪೇಠ್‌ನ ಅಂಗಡಿ ಸಾಲಿನಲ್ಲಿ ನಿಮ್ಮ ಗಾಡಿಗೆ ಹೊಂದುವ ಚೂಡಿಯ (ತಿರುಪಿನ ಎಳೆಯ) ಹತ್ತು ಪ್ಲಗ್‌ಗಳು ಸಿಗುತ್ತವೆ. ಚೂಡಿ ಹೊಂದಿದರೆ ಸಾಲದು, ಶಾಖದ ದರ್ಜೆಯೂ ಹೊಂದಬೇಕು. ಬೇಕಾದುದಕ್ಕಿಂತ ಬಿಸಿ ದರ್ಜೆಯ ಪ್ಲಗ್‌ನ ತುದಿ ಕೆಂಡವಾಗಿ ಮಿಶ್ರಣವನ್ನು ಕಿಡಿಗೂ ಮೊದಲೇ ಹೊತ್ತಿಸುತ್ತದೆ. ಎನ್‌ಜಿಕೆ ಪ್ಲಗ್‌ಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಇದಕ್ಕೆ ತದ್ವಿರುದ್ಧ. ಕೈಪಿಡಿಯ ಪೂರ್ಣ ಸಂಕೇತವನ್ನು ಬರೆದುಕೊಂಡು ಹೋಗಿ.

ನಾಲ್ಕನೆಯದು ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದ ಮಿಶ್ರಣ. ಒಬಿಡಿಯಲ್ಲಿ ದೀರ್ಘಾವಧಿ ಇಂಧನ ಹೊಂದಾಣಿಕೆ (ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್) ಎಂಬ ಸಂಖ್ಯೆ ನೋಡಿ; ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸುತ್ತಿದೆ ಎಂದು ಅದು ಹೇಳುತ್ತದೆ. ಹಳೆಯ ಹೊಂದಾಣಿಕೆಯ ಕಾರಿಗೆ ಇ20 ಹಾಕಿದಾಗ ಅದು ಕೆಲವು ಶೇಕಡ ಮೇಲೇರುವುದು ಸಹಜ. ಶೇ 15 ದಾಟಿದ್ದರೆ ಎಥೆನಾಲ್ ಅನ್ನು ದೂರಬೇಡಿ. ಗಾಳಿ ಸೋರುವ ಪೈಪ್, ಕೊಳೆಯಾದ ಗಾಳಿ ಸೆನ್ಸರ್, ಸೊರಗಿದ ಪಂಪ್, ಕಟ್ಟಿಕೊಂಡ ಫಿಲ್ಟರ್ ಹುಡುಕಿ. ದೋಷ ಸಂಕೇತಗಳೂ ದಾರಿ ತೋರಿಸುತ್ತವೆ: ಪಿ0171 ಬಂದರೆ ಮಿಶ್ರಣ ತೆಳು, ಪಿ0325 ಬಂದರೆ ನಾಕ್ ಸೆನ್ಸರ್ ಅಥವಾ ಅದರ ತಂತಿ, ಪಿ0401 ಬಂದರೆ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳುಹಿಸುವ ವ್ಯವಸ್ಥೆ) ಹರಿವು ಸಾಲದು. ಇಜಿಆರ್ ಮುಚ್ಚಿಹೋದರೆ ದಹನದ ಬಿಸಿ ಏರುತ್ತದೆ, ನಾಕಿಂಗ್ ಬರುತ್ತದೆ. ಮೆಕ್ಯಾನಿಕ್ ಬೇಡವೆಂದು ಅದನ್ನು ಮುಚ್ಚಿಸಿಕೊಟ್ಟಿದ್ದರೆ ತೆರೆಸಿ.

ಅಂಗಡಿಗಳಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ಶೀಷೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಹಲವುಗಳಲ್ಲಿ ಮ್ಯಾಂಗನೀಸ್ ಸಂಯುಕ್ತವಿದ್ದು, ಪ್ಲಗ್‌ನ ಮೇಲೆ ಕೆಂಪು ಪದರ ಕೂರಿಸುತ್ತದೆ.

100 ಹಾಕಿದರೂ ಸದ್ದು ಒಂದಿಷ್ಟೂ ಬದಲಾಗದಿದ್ದರೆ ಪೆಟ್ರೋಲ್ ವಿಚಾರ ಅಲ್ಲಿಗೇ ಮುಗಿಯಿತು. ಮೊದಲ ಹಂತಕ್ಕೆ ಮರಳಿ ಸದ್ದನ್ನು ಮತ್ತೆ ಗುರುತಿಸಿ.

ಹಳೆಯ ಗಾಡಿ ಮತ್ತು ಇ20

ಕಾರ್ಬ್ಯುರೇಟರ್ ಇರುವ ಹಳೆಯ ಬೈಕ್ ಓಡಿಸುವವರ ದೂರು ಬೇರೆ ಬಗೆಯದು: ಎಳೆತ ಕಡಿಮೆ, ಬೆಳಗ್ಗೆ ಸ್ಟಾರ್ಟ್ ಕಷ್ಟ, ಎಂಜಿನ್ ಬಿಸಿ. ಅವರೂ ಆಕ್ಟೇನ್ ಏರಿಸಲು ಹೋಗುತ್ತಾರೆ. ಶುದ್ಧ ಪೆಟ್ರೋಲ್‌ಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9 ಪಾಲು ಸಾಕು. ಇ20ಗೆ ಬೇಕಾದ ಗಾಳಿ ಕಡಿಮೆ, ಆದರೆ ಕಾರ್ಬ್ಯುರೇಟರ್‌ನ ಜೆಟ್ ಹಳೆಯ ಲೆಕ್ಕದಲ್ಲಿಯೇ ಸುರಿಯುತ್ತದೆ. ಮಿಶ್ರಣ ತೆಳುವಾಗುತ್ತದೆ. ಪರಿಹಾರ ಒಂದು ಅಂಕ ದೊಡ್ಡ ಜೆಟ್ ಮತ್ತು ಸರಿಯಾದ ಟ್ಯೂನಿಂಗ್. ಹಳೆಯ ರಬ್ಬರ್ ನಳಿಕೆ, ಸೀಲ್‌ಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸಿ. ಎಥೆನಾಲ್ ಟ್ಯಾಂಕ್‌ನ ಹಳೆಯ ಗಸಿಯನ್ನು ಸಡಿಲಿಸಿ ತರುತ್ತದೆ. ಆದ್ದರಿಂದ ಫಿಲ್ಟರ್ ಅನ್ನು ಒಮ್ಮೆ ಅವಧಿಗೂ ಮೊದಲೇ ಬದಲಿಸುವುದು ಒಳಿತು.

ಮೈಲೇಜ್ ಇಳಿದದ್ದು ಭ್ರಮೆಯಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು. ಎಥೆನಾಲ್ ಇಲ್ಲದ ಇಂಧನಕ್ಕೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದಾಗ ಇಂಧನ ದಕ್ಷತೆ ಶೇ 6ರಿಂದ 7, ಅಂಥ ದ್ವಿಚಕ್ರಗಳಲ್ಲಿ ಶೇ 3ರಿಂದ 4 ಇಳಿಯಬಹುದೆಂದು ನೀತಿ ಆಯೋಗ 2021ರ ಮಾರ್ಗಸೂಚಿಯಲ್ಲಿ ಅಂದಾಜಿಸಿತ್ತು. ಅಷ್ಟು ಇಳಿದಿದ್ದರೆ ದೋಷ ಹುಡುಕಬೇಡಿ. ಶೇ 15 ಇಳಿದಿದ್ದರೆ ಖಂಡಿತ ಹುಡುಕಿ.

ಯಾವ ಕಂಪನಿಯದು

ಮಹಾರಾಷ್ಟ್ರದಲ್ಲಿ ಇಂಡಿಯನ್ ಆಯಿಲ್‌ಗೆ ಸ್ವಂತ ಸಂಸ್ಕರಣಾಗಾರವಿಲ್ಲ. ಮುಂಬೈಯ ಮಾಹುಲ್‌ನಲ್ಲಿರುವ ಸಂಸ್ಕರಣಾಗಾರಗಳು ಭಾರತ್ ಪೆಟ್ರೋಲಿಯಂ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂನವು. ತೈಲ ಕಂಪನಿಗಳು ಹತ್ತಿರದ ಸಂಸ್ಕರಣಾಗಾರದ ಉತ್ಪನ್ನವನ್ನು ಪರಸ್ಪರ ಹಂಚಿಕೊಳ್ಳುವುದು ವಾಡಿಕೆ. ಸಾದಾ ಪೆಟ್ರೋಲ್‌ನಲ್ಲಿ ಬ್ರ್ಯಾಂಡ್‌ನ ಹೆಸರಿನಿಂದ ತಿಳಿಯುವುದು ಬಹಳ ಕಡಿಮೆ. ವ್ಯತ್ಯಾಸ ಇರುವುದು ಕಂಪನಿ ಬೆರೆಸುವ ಡಿಟರ್ಜೆಂಟ್‌ನಲ್ಲಿ, ಅದಕ್ಕಿಂತ ಹೆಚ್ಚಾಗಿ ಬಂಕ್ ನಡೆಸುವವರ ಶ್ರದ್ಧೆಯಲ್ಲಿ.

ಪ್ರೀಮಿಯಂ ಕೊಳ್ಳುವಾಗ ಹೆಸರು ಬಿಟ್ಟು ಸಂಖ್ಯೆ ಓದಿ. ಎಕ್ಸ್‌ಪಿ95, ಪವರ್95ರಂಥವುಗಳಲ್ಲಿ ಸಂಖ್ಯೆ ಹೆಸರಿನಲ್ಲಿಯೇ ಇದೆ. ಸಂಖ್ಯೆ ಬರೆದಿಲ್ಲದ ಪ್ರೀಮಿಯಂ ಎಂದರೆ ಡಿಟರ್ಜೆಂಟ್ ಮಾತ್ರ ಹೆಚ್ಚಿರಬಹುದು. ಬಂಕ್‌ನವರನ್ನು ಆಕ್ಟೇನ್ ಎಷ್ಟೆಂದು ಕೇಳಿ. ವಾಹನಕ್ಕೆ 91 ಸಾಕಾಗಿದ್ದು ಒಳಗಿನ ಶುಚಿಗಾಗಿ ಮಾತ್ರ ಹಾಕಿಸುವುದಾದರೆ, ಆಗಾಗ ಒಂದು ಪೂರ್ತಿ ಟ್ಯಾಂಕ್ ಹಾಕಿಸಿ ಹೆದ್ದಾರಿಯಲ್ಲಿ ಓಡಿಸಿ. ಪ್ರತಿ ಸಲ ಇನ್ನೂರು ರೂಪಾಯಿಯದು ಹಾಕಿಸಿ ಸಾದಾದೊಂದಿಗೆ ಬೆರೆಸುತ್ತ ಹೋದರೆ ಡಿಟರ್ಜೆಂಟ್ ತೆಳುವಾಗುತ್ತದೆ, ದುಡ್ಡು ಮಾತ್ರ ಹೋಗುತ್ತದೆ.

ಬಂಕ್ ಆರಿಸುವಾಗ ನಾನು ನೋಡುವುದು ಮಾರಾಟ ಎಷ್ಟು ವೇಗವಾಗಿದೆ ಎಂಬುದನ್ನು. ದಿನವಿಡೀ ಸಾಲು ನಿಲ್ಲುವ ಬಂಕ್‌ನಲ್ಲಿ ನೆಲದಡಿಯ ಟ್ಯಾಂಕ್ ಬೇಗ ಖಾಲಿಯಾಗಿ ಹೊಸ ಪೆಟ್ರೋಲ್ ಬರುತ್ತಿರುತ್ತದೆ. 97, 100ರಂಥ ದುಬಾರಿ ದರ್ಜೆಗಳು ನಿಧಾನವಾಗಿ ಮಾರಾಟವಾಗುತ್ತವೆ. ಅವನ್ನು ಯಾರೂ ಕೊಳ್ಳದ ಬಂಕ್‌ನಲ್ಲಿ ಕೊಳ್ಳಬೇಡಿ. ಜೋರು ಮಳೆಯಲ್ಲಿ ಮುಂಭಾಗದ ನೆಲದಲ್ಲಿ ನೀರು ನಿಲ್ಲುವ ಬಂಕ್ ಬಿಟ್ಟುಬಿಡಿ. ಟ್ಯಾಂಕರ್ ಇಳಿಸುತ್ತಿರುವಾಗ ತುಂಬಿಸಬೇಡಿ, ತಳದ ಕಸ ಮೇಲೆದ್ದಿರುತ್ತದೆ. ಅಂದಿನ ಸಾಂದ್ರತೆಯನ್ನು ಫಲಕದಲ್ಲಿ ಬರೆದಿರುವ, ಕೇಳಿದಾಗ ಮುಖ ಗಂಟಿಕ್ಕದೆ ಫಿಲ್ಟರ್ ಕಾಗದ ತಂದುಕೊಡುವ ಬಂಕ್ ನಿಮ್ಮ ದಾರಿಯಲ್ಲಿದ್ದರೆ, ಯಾವ ಕಂಪನಿಯದೇ ಆಗಿರಲಿ, ಅಲ್ಲಿಯೇ ತುಂಬಿಸಿ, ರಸೀದಿಯನ್ನು ಮುಂದಿನ ಟ್ಯಾಂಕ್‌ವರೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳಿ.